ಒಂಬೈನೂರು ವರ್ಷದ ಮರದ ಗೋಡೆ

ಮಕ್ಕಳೇ, ಇವತ್ತು ಒಂದು ಪ್ರಶ್ನೆಯಿಂದ ಶುರುಮಾಡೋಣ. ಕಡಿದ ಮರ ಎಷ್ಟು ವರ್ಷ ಬಾಳುತ್ತದೆ? ಮಳೆಯಲ್ಲಿ ಬಿದ್ದಿದ್ದರೆ ನಾಲ್ಕೈದು ವರ್ಷಕ್ಕೆ ಗೊಬ್ಬರ ಎನ್ನುತ್ತೀರಿ. ಅಜ್ಜನನ್ನು ಕೇಳಿದರೆ, ಒಳ್ಳೆಯ ಚೇಗಿನ ಕಂಬವಾದರೆ ನೂರು ವರ್ಷಕ್ಕೂ ಅಲ್ಲಾಡದು ಎಂದಾರು. ಇಬ್ಬರ ಮಾತೂ ಸರಿಯೇ. ಆದರೆ ಇಂಗ್ಲೆಂಡಿನಂಥ ತೇವದ ದೇಶದಲ್ಲಿ ಮರದ ಗೋಡೆಯೊಂದು ಒಂಬೈನೂರು ವರ್ಷ ದಾಟಿಯೂ ನಿಂತಿದೆ. ಅದರ ಗುಟ್ಟೇನು?

ಲಂಡನ್ನಿನ ಈಶಾನ್ಯಕ್ಕೆ ಎಸೆಕ್ಸ್ ಎಂಬ ಸೀಮೆ. ಅಲ್ಲಿ ಓಂಗರ್ ಪಟ್ಟಣದ ಪಕ್ಕದಲ್ಲಿ ಗ್ರೀನ್‌ಸ್ಟೆಡ್ ಎಂಬ ಪುಟ್ಟ ಹಳ್ಳಿ. ಅಲ್ಲಿಯ ಸೇಂಟ್ ಆಂಡ್ರ್ಯೂ ಚರ್ಚು ಇಂಗ್ಲೆಂಡಿನಲ್ಲಿ ಉಳಿದಿರುವ ಮರದ ಚರ್ಚುಗಳಲ್ಲೇ ಅತ್ಯಂತ ಹಳೆಯದು. ಚರ್ಚು ಎಂದೊಡನೆ ಮುಗಿಲು ಮುಟ್ಟುವ ಕಲ್ಲಿನ ಕಟ್ಟಡವನ್ನು ನೆನೆಯಬೇಡಿ. ಇದು ತೀರ ಚಿಕ್ಕದು. ಬಿಳಿ ಬಣ್ಣದ ಹಲಗೆ ಹೊಡೆದ ಒಂದು ಗೋಪುರ, ಇಳಿಜಾರಿನ ಹೆಂಚಿನ ಮಾಡು, ಅದರ ಕೆಳಗೆ ಕಪ್ಪುಗಟ್ಟಿದ ಮರದ ಗೋಡೆ, ಅಷ್ಟೆ.

ಆ ಗೋಡೆಯನ್ನು ಕಟ್ಟಿದ ಬಗೆ ನೋಡಿ. ಓಕ್ ಮರದ ದಿಮ್ಮಿಗಳನ್ನು ಉದ್ದಕ್ಕೆ ಸೀಳಿ ಒಂದರ ಪಕ್ಕ ಒಂದನ್ನು ನೆಟ್ಟಗೆ ನಿಲ್ಲಿಸಿದ್ದಾರೆ. ದುಂಡನೆಯ ಬೆನ್ನು ಹೊರಕ್ಕೆ, ಚಪ್ಪಟೆ ಮುಖ ಒಳಕ್ಕೆ. ಹೊರಗಿನಿಂದ ನೋಡಿದರೆ ಮರಗಳ ಸಾಲು, ಒಳಗಿನಿಂದ ನೋಡಿದರೆ ಗೋಡೆ. ದಿಮ್ಮಿ ದಿಮ್ಮಿಯ ನಡುವೆ ಗಾಳಿ ಮಳೆ ನುಗ್ಗಬಾರದಲ್ಲ? ಅದಕ್ಕೆ ಎರಡರ ಅಂಚಿನಲ್ಲೂ ಸಣ್ಣ ತೋಡು ಕೊರೆದು, ಆ ತೋಡುಗಳಿಗೆ ಓಕ್ ಮರದ್ದೇ ತೆಳುಪಟ್ಟಿ ಸೇರಿಸಿದರು. ಇದು ಸ್ಯಾಕ್ಸನ್ ಜನರ ಕಾಲದ ಬಡಗಿಗಳ ಕೈಚಳಕ.

ಇದರ ವಯಸ್ಸು ಎಷ್ಟು? ಸುಮಾರು 845ನೇ ಇಸವಿಯದೆಂದು ಒಮ್ಮೆ ನಂಬಿದ್ದರು. 1990ರ ದಶಕದಲ್ಲಿ ವಿಜ್ಞಾನಿಗಳು ಮರವನ್ನೇ ಕೇಳಿದರು. ಮರ ವರ್ಷಕ್ಕೊಂದು ಉಂಗುರ ಬೆಳೆಸುತ್ತದೆ. ಹವೆ ಅನುಕೂಲವಾದ ವರ್ಷ ಅಗಲ ಉಂಗುರ, ಕಷ್ಟದ ವರ್ಷ ಕಿರಿದು. ಇಸವಿ ಗೊತ್ತಿರುವ ಬೇರೆ ಮರಗಳ ಉಂಗುರಸಾಲಿನೊಂದಿಗೆ ಹೋಲಿಸಿದರೆ ಲೆಕ್ಕ ಸಿಗುತ್ತದೆ. ಗ್ರೀನ್‌ಸ್ಟೆಡ್ಡಿನ ದಿಮ್ಮಿಗಳಲ್ಲಿ ಸಿಕ್ಕ ಕೊನೆಯ ಉಂಗುರ 1053ರದು. ಆದರೆ ತೊಗಟೆಯ ಕೆಳಗಿನ ಎಳೆಯ ಮರ ಅಲ್ಲಿ ಉಳಿದಿಲ್ಲ. ಓಕ್ ಮರದಲ್ಲಿ ಆ ಭಾಗ ಹತ್ತರಿಂದ ಐವತ್ತೈದು ವರ್ಷದಷ್ಟು ಇರುತ್ತದೆ. ಈಗ ನೀವೇ ಕೂಡಿ ನೋಡಿ. ಮರ ಕಡಿದದ್ದು 1063 ಮತ್ತು 1108ರ ನಡುವೆ. ನಾರ್ಮನ್ನರು ಸಮುದ್ರ ದಾಟಿ ಬಂದು ಇಂಗ್ಲೆಂಡನ್ನು ಗೆದ್ದದ್ದು 1066ರಲ್ಲಿ. ಹಾಗಾದರೆ ರಾಜರು ಬದಲಾದ ಮೇಲೂ ಹಳ್ಳಿಯ ಬಡಗಿ ತನ್ನ ಹಳೆಯ ಪದ್ಧತಿಯಲ್ಲೇ ಕೆಲಸ ಮಾಡಿದ್ದಿರಬಹುದು!

ಚರ್ಚಿನ ವಯಸ್ಸು ಒಮ್ಮೆಗೇ ಇನ್ನೂರು ವರ್ಷಕ್ಕೂ ಹೆಚ್ಚು ಇಳಿಯಿತು. ಇದರಿಂದ ಅದಕ್ಕೇನೂ ನಷ್ಟವಾಗಲಿಲ್ಲ ಎಂದು ನನ್ನ ಅಭಿಪ್ರಾಯ. ನಮ್ಮ ಬ್ಯಾಂಕಿನಲ್ಲಿ ಲೆಡ್ಜರ್‌ನ ತಪ್ಪನ್ನು ರಬ್ಬರಿನಿಂದ ಅಳಿಸುವಂತಿರಲಿಲ್ಲ. ಗೀಟು ಎಳೆದು, ಪಕ್ಕದಲ್ಲಿ ಸರಿಯಾದ ಅಂಕಿ ಬರೆದು, ಸಹಿ ಹಾಕಬೇಕು. ಇತಿಹಾಸದ ಲೆಕ್ಕವೂ ಹಾಗೆಯೇ ಇರಬೇಕು.

ಈ ಕಟ್ಟಡವೂ ಒಂದು ಲೆಡ್ಜರ್ ಇದ್ದಂತೆ. ಪ್ರತಿ ಕಾಲದವರೂ ಒಂದೊಂದು ಸಾಲು ಬರೆದಿದ್ದಾರೆ. ಪೂಜಾವೇದಿಕೆ ಇರುವ ಭಾಗವನ್ನು ಸುಮಾರು 1500ರಲ್ಲಿ ಇಟ್ಟಿಗೆಯಿಂದ ಕಟ್ಟಿದರು. ಗೋಪುರದ ಗಂಟೆಯ ಮೇಲೆ 1618 ಎಂಬ ಇಸವಿ ಇದೆ.

1839ರ ಸಾಲು ನನಗೆ ಬಹಳ ಇಷ್ಟ. ಅದು ಮರದ ಮೇಲಲ್ಲ, ಮದುವೆಯ ರಿಜಿಸ್ಟರಿನಲ್ಲಿದೆ. ಡಾರ್ಸೆಟ್ ಸೀಮೆಯ ಟಾಲ್‌ಪಡಲ್ ಎಂಬ ಹಳ್ಳಿಯಲ್ಲಿ ಕೂಲಿಯವರ ವಾರದ ಸಂಬಳವನ್ನು ಒಂಬತ್ತು ಶಿಲ್ಲಿಂಗಿನಿಂದ ಏಳಕ್ಕೆ ಇಳಿಸಿದ್ದರು. ಅದನ್ನು ಆರಕ್ಕೆ ಇಳಿಸುವ ಮಾತೂ ಬಂತು. ಕೂಲಿಯವರು ಒಂದುಗೂಡಿ ಸಂಘ ಕಟ್ಟಿದರು. ಗುಟ್ಟಾಗಿ ಪ್ರಮಾಣ ಮಾಡಿದರೆಂಬ ನೆಪದಲ್ಲಿ 1834ರಲ್ಲಿ ಆರು ಜನರಿಗೆ ಏಳು ವರ್ಷದ ಶಿಕ್ಷೆ ಕೊಟ್ಟು, ಹಡಗು ಹತ್ತಿಸಿ ಆಸ್ಟ್ರೇಲಿಯಾಕ್ಕೆ ಕಳಿಸಿದರು. ಜನ ಬೀದಿಗಿಳಿದರು. 1836ರಲ್ಲಿ ಕ್ಷಮಾದಾನ ಸಿಕ್ಕಿತು. ಮರಳಿ ಬಂದವರಲ್ಲಿ ಕೆಲವರು ಗ್ರೀನ್‌ಸ್ಟೆಡ್ಡಿನ ಬಳಿ ಬೇಸಾಯಕ್ಕೆ ನಿಂತರು. ಅವರಲ್ಲೊಬ್ಬ ಜೇಮ್ಸ್ ಬ್ರೈನ್. ಜೊತೆಯಲ್ಲೇ ಶಿಕ್ಷೆ ಅನುಭವಿಸಿದ್ದ ಥಾಮಸ್ ಸ್ಟ್ಯಾಂಡ್‌ಫೀಲ್ಡನ ಮಗಳು ಎಲಿಜಬೆತ್‌ಳನ್ನು ಅವನು ಮದುವೆಯಾದದ್ದು ಇದೇ ಚರ್ಚಿನಲ್ಲಿ. ಮುಂದೆ ಅವರು ಕೆನಡಾಕ್ಕೆ ಹೋಗಿ ನೆಲೆಸಿದರು.

ಈಗ ಗೋಡೆಯ ಗುಟ್ಟಿಗೆ ಬರೋಣ. ಓಕ್ ಗಟ್ಟಿ ಮರ, ನಿಜ. ಆದರೂ ಅದರ ಬುಡ ತೇವಕ್ಕೆ ಕೊಳೆತಿತ್ತು. 1848ರ ಹೊತ್ತಿಗೆ ದುರಸ್ತಿ ಮಾಡಿದವರು ಏನು ಮಾಡಿದರು ಗೊತ್ತೇ? ದಿಮ್ಮಿಗಳ ಕೊಳೆತ ಬುಡವನ್ನಷ್ಟೇ ಕತ್ತರಿಸಿ ತೆಗೆದರು. ಕೆಳಗೆ ಇಟ್ಟಿಗೆಯ ಗಿಡ್ಡ ಗೋಡೆ ಕಟ್ಟಿ, ಗಟ್ಟಿಯಾಗಿ ಉಳಿದದ್ದನ್ನು ಅದರ ಮೇಲೆ ನಿಲ್ಲಿಸಿದರು. ಮರ ತುಸು ಗಿಡ್ಡವಾಯಿತು, ನೆಲದ ತೇವದಿಂದ ಪಾರಾಯಿತು. ಹಳೆಯದೆಂದು ಎಲ್ಲವನ್ನೂ ಕೆಡವಿದ್ದರೆ ಇವತ್ತು ಹೇಳಲು ಕಥೆಯೇ ಇರುತ್ತಿರಲಿಲ್ಲ. ಹಳೆಯದೆಂದು ಕೈ ಮುಗಿದು ಸುಮ್ಮನಿದ್ದಿದ್ದರೂ ಅಷ್ಟೇ.

ಮಕ್ಕಳೇ, ನಿಮಗೊಂದು ಕೆಲಸ. ನಮ್ಮ ಮರಗಳಲ್ಲಿ ತೇಗದ ಉಂಗುರ ಚೆನ್ನಾಗಿ ಕಾಣುತ್ತದೆ. ಸಾಮಿಲ್ಲಿನ ಕಡೆ ಹೋದಾಗ ಅಜ್ಜನ ಕನ್ನಡಕ ಪಡೆದು ಒಂದು ತುಂಡಿನ ಉಂಗುರ ಎಣಿಸಿ. ಅಜ್ಜ ಹುಟ್ಟಿದ ವರ್ಷದ ಉಂಗುರ ಅದರಲ್ಲಿ ಸಿಗುತ್ತದೆಯೇ? ಎಣಿಕೆ ತಪ್ಪಿದರೆ ಚಿಂತೆಯಿಲ್ಲ, ಗೀಟು ಹಾಕಿ ಪಕ್ಕದಲ್ಲಿ ಸರಿಯಾದದ್ದನ್ನು ಬರೆಯಿರಿ.