ಶುಕ್ರಧಾತುವೂ ಟೆಸ್ಟೋಸ್ಟೆರಾನೂ: ಗ್ರಂಥಪ್ರಮಾಣದ ಮಿತಿ

ಆಯುರ್ವೇದದ ಎಂಟು ಅಂಗಗಳಲ್ಲಿ ವಾಜೀಕರಣವೂ ಒಂದು. ಚರಕಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಮೊದಲ ಅಧ್ಯಾಯ ರಸಾಯನಕ್ಕೆ, ಎರಡನೆಯದು ವಾಜೀಕರಣಕ್ಕೆ ಮೀಸಲಾಗಿದೆ. ಇದನ್ನೇ ಆಧಾರವಾಗಿಟ್ಟುಕೊಂಡು, ಪುರುಷ ಹಾರ್ಮೋನನ್ನು ವೃದ್ಧಿಸುವ ಮೂಲಿಕೆಗಳನ್ನು ಪ್ರಾಚೀನರು ಅರಿತಿದ್ದರೆಂದು ಇಂದಿನ ಔಷಧ ಜಾಹೀರಾತುಗಳು ಸಾರುತ್ತವೆ. ಈ ವಾದದಲ್ಲಿ ಒಂದು ಕಾಲವಿಪರ್ಯಾಸ ಅಡಗಿದೆ.

ಪ್ರಾಚೀನ ವೈದ್ಯರು ಹೇಳಿದ್ದು ಸಪ್ತಧಾತುಗಳಲ್ಲಿ ಕೊನೆಯದಾದ ಶುಕ್ರವನ್ನು. ಅದು ಆಹಾರರಸದಿಂದ ಹಂತಹಂತವಾಗಿ ಪಾಕಗೊಂಡು ಉಂಟಾಗುವ ಸಾರವೆಂಬುದು ಅವರ ಕಲ್ಪನೆ. ಟೆಸ್ಟೋಸ್ಟೆರಾನಾದರೋ 1935ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು ಹೋರಿಯ ವೃಷಣಗಳಿಂದ ಬೇರ್ಪಡಿಸಿದ ರಾಸಾಯನಿಕ. ಒಂದನ್ನು ಇನ್ನೊಂದರ ಪರ್ಯಾಯಪದವೆಂದು ಅನುವಾದಿಸಿದರೆ ಎರಡು ಜ್ಞಾನಪದ್ಧತಿಗಳಿಗೂ ಅನ್ಯಾಯವಾಗುತ್ತದೆ.

ಪರಂಪರೆಯು ಏಕರೂಪದ್ದೂ ಅಲ್ಲ. ಚರಕನ ವಾಜೀಕರಣ ಯೋಗಗಳಲ್ಲಿ ಮಾಂಸ, ಮೊಟ್ಟೆಗಳಿಗೆ ಸ್ಥಾನವಿದೆ. ಜೈನಾಚಾರ್ಯ ಉಗ್ರಾದಿತ್ಯನು ತನ್ನ ಸಂಸ್ಕೃತ ಗ್ರಂಥ 'ಕಲ್ಯಾಣಕಾರಕ'ದಲ್ಲಿ ಮದ್ಯ, ಮಾಂಸ, ಮಧುಗಳನ್ನು ವರ್ಜಿಸಿ ಚಿಕಿತ್ಸೆಯನ್ನು ನಿರೂಪಿಸಿದನು. ಮಾಂಸಭಕ್ಷಣವನ್ನು ವಾದಪೂರ್ವಕವಾಗಿ ನಿರಾಕರಿಸಿದನು. ಪೂರ್ವಾಚಾರ್ಯರ ಮಾತನ್ನು ಪ್ರಶ್ನಿಸುವುದು, ತಿದ್ದುವುದು ಆ ಪರಂಪರೆಯೊಳಗೇ ನಡೆದ ಕಾರ್ಯ. ಆದ್ದರಿಂದ 'ಗ್ರಂಥದಲ್ಲಿದೆ' ಎಂಬುದನ್ನೇ ಕೊನೆಯ ಮಾತಾಗಿಸುವವರು ಉಗ್ರಾದಿತ್ಯನಿಗಿಂತಲೂ ಹಿಂದೆ ಉಳಿಯುತ್ತಾರೆ.

ಇನ್ನು ಪ್ರಯೋಗಗಳ ಸಾಕ್ಷ್ಯ. ಹಿರೇಮದ್ದು ಎಂದು ಕನ್ನಡದಲ್ಲಿ ಕರೆಯುವ ಅಶ್ವಗಂಧದ ಬಗ್ಗೆ ಕೆಲವು ನಿಯಂತ್ರಿತ ಪರೀಕ್ಷೆಗಳು ನಡೆದಿವೆ. 2019ರಲ್ಲಿ ಪ್ರಕಟವಾದ ಒಂದರಲ್ಲಿ, 40ರಿಂದ 70 ವಯಸ್ಸಿನ ಅಧಿಕ ತೂಕದ ಪುರುಷರಲ್ಲಿ ಹುಸಿಮಾತ್ರೆಗೆ ಹೋಲಿಸಿದಾಗ ಟೆಸ್ಟೋಸ್ಟೆರಾನು ಸುಮಾರು 15 ಪ್ರತಿಶತ ಹೆಚ್ಚು ಏರಿತು. ಆದರೆ ಆಯಾಸ, ಚೈತನ್ಯ, ಲೈಂಗಿಕ ಸ್ವಾಸ್ಥ್ಯಗಳಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ಇಂತಹ ಪರೀಕ್ಷೆಗಳು ಬಹುಮಟ್ಟಿಗೆ ಚಿಕ್ಕವು, ಕೆಲವೇ ವಾರಗಳವು. ನೆಗ್ಗಿಲುಮುಳ್ಳಿನ ಕೀರ್ತಿ ಇನ್ನೂ ದೊಡ್ಡದು. ಆದರೆ ಆರೋಗ್ಯವಂತ ಪುರುಷರಲ್ಲಿ ಅದು ಹಾರ್ಮೋನನ್ನು ಏರಿಸುತ್ತದೆಂಬುದಕ್ಕೆ ಬಹುತೇಕ ಪರೀಕ್ಷೆಗಳು ಬೆಂಬಲ ನೀಡಿಲ್ಲ. ಮೂಲಿಕೆಯೆಂದ ಮಾತ್ರಕ್ಕೆ ಅಪಾಯರಹಿತವೂ ಅಲ್ಲ: ಅಶ್ವಗಂಧ ಸೇವನೆಯ ನಂತರ ಯಕೃತ್ತಿಗೆ ಹಾನಿಯಾದ ಪ್ರಕರಣಗಳು ವೈದ್ಯಪತ್ರಿಕೆಗಳಲ್ಲಿ ದಾಖಲಾಗಿವೆ.

ಒಂದು ಮೂಲಿಕೆಯನ್ನು ಯಾರು, ಯಾವ ಕಾಲದಲ್ಲಿ, ಯಾವ ನಂಬಿಕೆಯಿಂದ ಬಳಸಿದರೆಂಬುದಕ್ಕೆ ಗ್ರಂಥವು ಪ್ರಮಾಣ. ಅದು ದೇಹದಲ್ಲಿ ಏನು ಮಾಡುತ್ತದೆಂಬುದಕ್ಕೆ ಪ್ರಯೋಗವೇ ಪ್ರಮಾಣ. ವೈದ್ಯಸಾಹಿತ್ಯದ ಸಂಶೋಧಕರು ಈ ಗೆರೆಯನ್ನು ಕಾಯದಿದ್ದರೆ ಅವರ ಅಡಿಟಿಪ್ಪಣಿಗಳೇ ನಾಳೆ ಔಷಧದ ಡಬ್ಬಿಯ ಮೇಲಿನ ಬರಹವಾದಾವು. ಅದನ್ನು ನಂಬಿದ ರೋಗಿಯು ಮಾಡಿಸಬೇಕಾದ ರಕ್ತಪರೀಕ್ಷೆಯನ್ನು ಮುಂದೂಡಿಯಾನು.