ತೆಗೆದುಹಾಕಿದ ಎರಡು ಪುಟಗಳು: ಪತ್ರಿಕೋದ್ಯಮದ ತರಗತಿ ಮತ್ತು ಸತ್ಯಾಣುವ್ರತ

ಅಮೆರಿಕದ ಅನೇಕ ಪ್ರೌಢಶಾಲೆಗಳಲ್ಲಿ ಪತ್ರಿಕೋದ್ಯಮವು ಬಹುಕಾಲದಿಂದ ಒಂದು ಪಾಠವಿಷಯವಾಗಿದೆ. ವಿದ್ಯಾರ್ಥಿಗಳೇ ಸುದ್ದಿ ಸಂಗ್ರಹಿಸಿ, ಬರೆದು, ತಿದ್ದಿ, ಪುಟ ಜೋಡಿಸಿ ಶಾಲೆಯ ಪತ್ರಿಕೆಯನ್ನು ಹೊರತರುತ್ತಾರೆ. ಈ ತರಗತಿಯಲ್ಲಿ ಅವರು ಕಲಿಯಬೇಕಾದುದೇನು, ಕಲಿಸುವವರ ಅಧಿಕಾರ ಎಲ್ಲಿಯವರೆಗೆ ಎಂಬ ಪ್ರಶ್ನೆ ಒಮ್ಮೆ ಆ ದೇಶದ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದಿತ್ತು.

ಮಿಸೌರಿ ರಾಜ್ಯದ ಹೇಜಲ್‌ವುಡ್ ಈಸ್ಟ್ ಪ್ರೌಢಶಾಲೆಯಲ್ಲಿ ‘ಜರ್ನಲಿಸಂ 2’ ತರಗತಿಯ ವಿದ್ಯಾರ್ಥಿಗಳು ‘ಸ್ಪೆಕ್ಟ್ರಂ’ ಎಂಬ ಪತ್ರಿಕೆಯನ್ನು ನಡೆಸುತ್ತಿದ್ದರು. 1983ರ ಮೇ ತಿಂಗಳ ಸಂಚಿಕೆಗಾಗಿ ಅವರು ಎರಡು ಸೂಕ್ಷ್ಮ ಲೇಖನಗಳನ್ನು ಸಿದ್ಧಪಡಿಸಿದ್ದರು. ಒಂದು, ಗರ್ಭಿಣಿಯರಾದ ಮೂವರು ವಿದ್ಯಾರ್ಥಿನಿಯರ ಅನುಭವವನ್ನು ಕುರಿತದ್ದು; ಇನ್ನೊಂದು, ತಂದೆತಾಯಿಯರ ವಿಚ್ಛೇದನವು ಮಕ್ಕಳ ಮೇಲೆ ಬೀರುವ ಪರಿಣಾಮವನ್ನು ಕುರಿತದ್ದು. ಹೆಸರು ಬದಲಿಸಿದ್ದರೂ ಆ ವಿದ್ಯಾರ್ಥಿನಿಯರ ಗುರುತು ಹತ್ತಬಹುದೆಂಬುದು ಮುಖ್ಯೋಪಾಧ್ಯಾಯರ ಒಂದು ಆಕ್ಷೇಪ. ತಂದೆಯ ನಡತೆಯನ್ನು ಮಗಳು ದೂರಿರುವಾಗ ಹೆತ್ತವರಿಗೆ ಉತ್ತರ ಹೇಳುವ ಅವಕಾಶ ದೊರೆತಿಲ್ಲವೆಂಬುದು ಇನ್ನೊಂದು. ಶಾಲಾವರ್ಷ ಮುಗಿಯುವುದರೊಳಗೆ ತಿದ್ದುಪಡಿಗೆ ಸಮಯವಿಲ್ಲವೆಂದು ಭಾವಿಸಿ ಅವರು ಎರಡು ಪುಟಗಳನ್ನೇ ತೆಗೆಸಿದರು. ಆ ಪುಟಗಳಲ್ಲಿದ್ದ ನಿರ್ದೋಷವಾದ ಬರಹಗಳೂ ಜೊತೆಯಲ್ಲಿ ಹೋದವು. ವರ್ಷದ ಬಹುಭಾಗ ಪಾಠ ಹೇಳಿದ್ದ ಅಧ್ಯಾಪಕರು ಕೆಲವೇ ದಿನಗಳ ಹಿಂದೆ ಶಾಲೆಯನ್ನು ಬಿಟ್ಟಿದ್ದರು. ಅಚ್ಚಾದ ಪತ್ರಿಕೆ ಕೈಗೆ ಬಂದ ಮೇಲೆಯೇ ವಿದ್ಯಾರ್ಥಿಗಳಿಗೆ ನಡೆದುದು ತಿಳಿಯಿತು.

ಕ್ಯಾಥಿ ಕೂಲ್‌ಮೈಯರ್ ಮೊದಲಾದ ಮೂವರು ವಿದ್ಯಾರ್ಥಿನಿಯರು ಹೂಡಿದ ದಾವೆಯಲ್ಲಿ, 1988ರ ಜನವರಿ 13ರಂದು 5–3ರ ಬಹುಮತದಿಂದ ತೀರ್ಪು ಶಾಲೆಯ ಪರವಾಗಿ ಬಂದಿತು. ಶಿಕ್ಷಣದ ಉದ್ದೇಶಕ್ಕೆ ಸಮಂಜಸವಾದ ಸಂಬಂಧವಿರುವವರೆಗೆ ಶಾಲೆಯ ಪತ್ರಿಕೆಯ ಮೇಲೆ ಶಾಲೆಗೆ ನಿಯಂತ್ರಣವಿರಬಹುದೆಂಬುದು ಅದರ ಸಾರ. ಭಿನ್ನಮತವನ್ನು ಬರೆದ ನ್ಯಾಯಮೂರ್ತಿ ಬ್ರೆನನ್, ಆಕ್ಷೇಪಾರ್ಹ ಭಾಗವನ್ನಷ್ಟೇ ಕೈಬಿಡುವುದು, ಪುಟಗಳನ್ನು ಮರುಜೋಡಿಸುವುದು, ಪ್ರಕಟಣೆಯನ್ನು ಮುಂದೂಡುವುದು ಮುಂತಾದ ಮೃದುವಾದ ಮಾರ್ಗಗಳಿದ್ದುವೆಂದು ತೋರಿಸಿದರು.

ಮುಖ್ಯೋಪಾಧ್ಯಾಯರ ಆಕ್ಷೇಪಗಳು ಕ್ಷುಲ್ಲಕವೆಂದು ಹೇಳುವಂತಿಲ್ಲ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಐದು ಅತಿಚಾರಗಳನ್ನು ಎಣಿಸುತ್ತದೆ. ಸುಳ್ಳು ಬರಹವಾದ ಕೂಟಲೇಖಕ್ರಿಯೆ ಅಲ್ಲಿದೆ. ಪರರ ಗುಟ್ಟನ್ನು ಹೊರಗೆಡಹುವ ರಹೋಭ್ಯಾಖ್ಯಾನವೂ ಅದರ ಪಕ್ಕದಲ್ಲಿಯೇ ಇದೆ. ಸಂಗತಿ ನಿಜವಾಗಿದ್ದ ಮಾತ್ರಕ್ಕೆ ಅದನ್ನು ಆಡಿದವನು ನಿರ್ದೋಷಿಯಾಗುವುದಿಲ್ಲವೆಂಬ ಈ ವಿವೇಕ ಯಾವ ಪತ್ರಿಕೋದ್ಯಮದ ತರಗತಿಗೂ ಬೇಕಾದದ್ದೇ.

ಆದರೆ ಅದೇ ಪರಂಪರೆಯಲ್ಲಿ ಅತಿಚಾರವೆಂದರೆ ವ್ರತಭಂಗವಲ್ಲ, ವ್ರತದಲ್ಲಿ ಸಂಭವಿಸುವ ಸ್ಖಲನ. ಅದಕ್ಕೆ ಪರಿಹಾರ ಪ್ರತಿಕ್ರಮಣ: ತಪ್ಪಿದವನು ತನ್ನ ತಪ್ಪನ್ನು ತಾನೇ ಕಂಡು ಹಿಂದಿರುಗುವುದು. ಇದನ್ನು ಬೇರೊಬ್ಬರು ಅವನ ಪರವಾಗಿ ಮಾಡಲಾಗದು. ತಂದೆಯನ್ನು ಕೇಳದೆ ಬರೆದ ವಿದ್ಯಾರ್ಥಿನಿಯನ್ನು ಆ ತಂದೆಯ ಬಳಿಗೆ ಕಳುಹಿಸಿದ್ದರೆ, ಒಂದು ವರ್ಷದ ಪಾಠಕ್ಕಿಂತ ಹೆಚ್ಚಿನದನ್ನು ಅವಳು ಒಂದು ಸಂಜೆಯಲ್ಲಿ ಕಲಿಯುತ್ತಿದ್ದಳು. ಪುಟಗಳನ್ನು ತೆಗೆದುಹಾಕಿದಾಗ ದೋಷದೊಡನೆ ದೋಷವನ್ನು ತಿದ್ದಿಕೊಳ್ಳುವ ಅವಕಾಶವೂ ಹೋಯಿತು.

ಕಾನ್ಸಾಸ್ ರಾಜ್ಯವು 1992ರಲ್ಲಿ ವಿದ್ಯಾರ್ಥಿ ಪತ್ರಿಕೆಗಳಿಗೆ ಕಾನೂನಿನ ರಕ್ಷಣೆ ನೀಡಿತು. 2017ರಲ್ಲಿ ಅಲ್ಲಿನ ಪಿಟ್ಸ್‌ಬರ್ಗ್ ಪ್ರೌಢಶಾಲೆಯ ‘ಬೂಸ್ಟರ್ ರಿಡಕ್ಸ್’ ಪತ್ರಿಕೆಯ ವಿದ್ಯಾರ್ಥಿಗಳು, ಹೊಸದಾಗಿ ನೇಮಕಗೊಂಡ ಮುಖ್ಯಸ್ಥರ ಶೈಕ್ಷಣಿಕ ಅರ್ಹತೆಗಳನ್ನು ಪರಿಶೀಲಿಸಿ, ಉತ್ತರ ಸಿಗದ ಪ್ರಶ್ನೆಗಳನ್ನು ಪ್ರಕಟಿಸಿದರು, ನೇಮಕಗೊಂಡವರು ರಾಜೀನಾಮೆಯಿತ್ತರು. ನೇಮಕ ಮಾಡಿದ ಹಿರಿಯರ ಗಮನಕ್ಕೆ ಬಾರದ ಲೋಪವನ್ನು ಅಲ್ಲಿ ತರಗತಿಯೊಂದು ಕಂಡುಹಿಡಿದಿತ್ತು. ಪ್ರಕಟಿಸುವ ಹೊಣೆ ತಮ್ಮದೇ ಎಂದು ತಿಳಿದವರಿಗೆ ಪರಿಶೀಲನೆಯ ಶ್ರದ್ಧೆಯೂ ಬರುತ್ತದೆ. ಆ ಹೊಣೆಯನ್ನು ಕೊಡದೆ ಶ್ರದ್ಧೆಯನ್ನು ಮಾತ್ರ ನಿರೀಕ್ಷಿಸುವ ಶಾಲೆ ತನ್ನ ವಿದ್ಯಾರ್ಥಿಗಳಿಗೆ ಅನ್ಯಾಯ ಮಾಡುತ್ತದೆ.