ಫಿಲಾಸಫಿ ನಮ್ದು, ಸೈನು ಅಕ್ಕಂದು

ಐಟಿ ಜನಕ್ಕೆ ಎಥಿಕ್ಸ್ ಅಂದ್ರೆ ಟ್ರಾಲಿ. ಹಳಿ ಮೇಲೆ ಐದು ಜನ, ಪಕ್ಕದ ಹಳಿ ಮೇಲೆ ಒಬ್ಬ, ಲಿವರ್ ಎಳೀತೀರಾ ಬಿಡ್ತೀರಾ? 1967ರಲ್ಲಿ ಫಿಲಿಪ್ಪಾ ಫುಟ್ ಗರ್ಭಪಾತದ ಬಗ್ಗೆ ಬರೆದ ಲೇಖನವೊಂದರಲ್ಲಿ ಕೊಟ್ಟ ಉದಾಹರಣೆ ಇದು. ಆಗ ಅದರಲ್ಲಿ ಲಿವರ್ ಇರಲಿಲ್ಲ, ಟ್ರಾಮ್ ಓಡಿಸೋನೇ ಪೇಚಿಗೆ ಸಿಕ್ಕಿದ್ದ. ದಾರಿಹೋಕನ ಕೈಗೆ ನಿರ್ಧಾರ ಕೊಟ್ಟಿದ್ದು ಆಮೇಲೆ ಬಂದ ಜ್ಯೂಡಿತ್ ಥಾಮ್ಸನ್. ಡ್ರೈವರ್ ಇಲ್ಲದ ಕಾರುಗಳ ಮಾತು ಶುರುವಾದ ಮೇಲೆ ಅದು ನಮ್ಮ ಆಫೀಸ್ ಕ್ಯಾಂಟೀನಿಗೂ ಬಂತು. ಅರ್ಧ ಗಂಟೆ ಟೀ ಬ್ರೇಕಿನಲ್ಲಿ ಐದು ಜನರನ್ನು ಉಳಿಸಿ, ಒಬ್ಬನನ್ನು ಸಾಯಿಸಿ, ಕೈ ತೊಳ್ಕೊಂಡು ಸೀಟಿಗೆ ಬರ್ತೀವಿ.

ನಮ್ಮಲ್ಲಿ ಯಾರೂ ಅಂಥ ಹಳಿಯ ಪಕ್ಕ ನಿಂತಿಲ್ಲ, ನಿಲ್ಲೋದೂ ಇಲ್ಲ. ಆದ್ರೆ ಊರಲ್ಲಿ ನಾಲ್ಕು ಗುಂಟೆ ಜಮೀನಿರುವ, ಅಕ್ಕನೋ ತಂಗಿಯೋ ಇರುವ ಪ್ರತಿ ಗಂಡಸಿನ ಮುಂದೂ ಒಂದು ದಿನ ಒಂದು ಕಾಗದ ಬಂದೇ ಬರುತ್ತೆ. ಅದರ ಹೆಸರು ಹಕ್ಕು ಬಿಡುಗಡೆ ಪತ್ರ. ಅದರ ಬಗ್ಗೆ ಮಾತ್ರ ಕ್ಯಾಂಟೀನಿನಲ್ಲಿ ಚರ್ಚೆ ಆಗಲ್ಲ. ಅದು 'ಫ್ಯಾಮಿಲಿ ಮ್ಯಾಟರ್' ಅಂತೆ.

ನನ್ನ ಮುಂದೆ ಬಂದಿರೋದು ಹೀಗೆ. ತಿಪಟೂರಿನ ಹತ್ತಿರ ನಮ್ಮೂರು. 4 ಎಕರೆ 10 ಗುಂಟೆ. ಅರ್ಧ ತೆಂಗು, ಉಳಿದದ್ದು ರಾಗಿ ಬೆಳೆಯೋ ಖುಷ್ಕಿ. ಅಪ್ಪ ಹೋದ ವರ್ಷ ತೀರಿಕೊಂಡರು. ವಿಲ್ ಇಲ್ಲ, ಪಾಲು ಆಗಿಲ್ಲ. ಅಮ್ಮ, ಅಕ್ಕ, ನಾನು, ತಮ್ಮ. ತಮ್ಮ ಪಿಯುಸಿಗೇ ಓದು ನಿಲ್ಲಿಸಿ ಹದಿನೈದು ವರ್ಷದಿಂದ ತೋಟ ನೋಡ್ಕೊಂಡಿದ್ದಾನೆ. ಎರಡು ಬೋರ್ ಕೊರೆಸಿದ, ಒಂದು ಫೇಲ್ ಆಯ್ತು, ಸಾಲ ಇನ್ನೂ ಇದೆ. ಅಪ್ಪನನ್ನು ಆಸ್ಪತ್ರೆಗೆ ಹೊತ್ತುಕೊಂಡು ಓಡಾಡಿದ್ದೂ ಅವನೇ. ಅಕ್ಕನಿಗೆ 2009ರಲ್ಲಿ ಅರಸೀಕೆರೆ ಕಡೆಗೆ ಮದುವೆ ಆಯ್ತು. ಪೌತಿ ಖಾತೆಗೆ ವಂಶವೃಕ್ಷ ಮಾಡಿಸಿದಾಗ ಅಕ್ಕನ ಹೆಸರೂ ಅದರಲ್ಲಿ ಬಂತು. ಬರಲೇಬೇಕಲ್ಲ. ದೊಡ್ಡಪ್ಪ ಅದನ್ನ ನೋಡಿ ಹೇಳಿದ್ದು ಒಂದೇ ಮಾತು: "ಅವಳ ಕೈಲಿ ಒಂದು ರಿಲೀಸ್ ಮಾಡಿಸ್ಕೊಂಬಿಡ್ರಪ್ಪ, ಮುಂದೆ ತಂಟೆ ಬ್ಯಾಡ."

ಕಾನೂನಿನ ವಿಷಯ ಬೇಗ ಮುಗಿಸ್ತೀನಿ, ಯಾಕಂದ್ರೆ ಅದರಲ್ಲಿ ಗೊಂದಲ ಕಮ್ಮಿ. ಕರ್ನಾಟಕದಲ್ಲಿ 1994ರಿಂದಲೇ, ಆಗಿನ್ನೂ ಮದುವೆ ಆಗಿರದಿದ್ದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತ ಆಸ್ತಿಯಲ್ಲಿ ಗಂಡುಮಕ್ಕಳಷ್ಟೇ ಹಕ್ಕು ಬಂತು. 2005ರ ಸೆಪ್ಟೆಂಬರ್ 9ರಿಂದ ಕೇಂದ್ರದ ತಿದ್ದುಪಡಿ ಮದುವೆಯ ಆ ಷರತ್ತನ್ನೂ ತೆಗೆದುಹಾಕಿತು. ಅಪ್ಪ ಆ ದಿನ ಬದುಕಿರಬೇಕಿತ್ತಾ ಇಲ್ಲವಾ ಅನ್ನೋ ಜಗಳವನ್ನು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ವಿನೀತಾ ಶರ್ಮಾ ಪ್ರಕರಣದಲ್ಲಿ ಮುಗಿಸಿತು: ಬದುಕಿರಬೇಕಾಗಿಲ್ಲ, ಹಕ್ಕು ಹುಟ್ಟಿನಿಂದ ಬರೋದು. ಅಮ್ಮನ ಪಾಲಿನ ಲೆಕ್ಕ ವಕೀಲರು ನೋಡ್ಕೊಳ್ತಾರೆ. ಅಕ್ಕನ ಹಕ್ಕಿನಲ್ಲಂತೂ ಅನುಮಾನ ಇಲ್ಲ. ಪ್ರಶ್ನೆ ಇರೋದು, ಅದನ್ನ ಬಿಟ್ಟುಕೊಡು ಅಂತ ಅವಳನ್ನ ಕೇಳೋ ಹಕ್ಕು ನಮಗಿದೆಯಾ ಅನ್ನೋದರಲ್ಲಿ.

ಇಲ್ಲಿಂದ ಓದಿಕೊಂಡವರ ಆಟ ಶುರು. ನನ್ನ ಜೊತೆ ಕೆಲಸ ಮಾಡೋ ಗೆಳೆಯನೊಬ್ಬ, ಅವನೂ ಊರಿಂದ ಬಂದವನೇ, ಪೂರ್ತಿ ಕೇಳಿ "ಯುಟಿಲಿಟೇರಿಯನ್ ಆಗಿ ಯೋಚ್ನೆ ಮಾಡು ಗುರೂ" ಅಂದ. ತೋಟ ಒಡೆದರೆ ಎಲ್ಲರಿಗೂ ನಷ್ಟ, ಒಟ್ಟಿಗಿದ್ದರೆ ಒಟ್ಟು ಸುಖ ಜಾಸ್ತಿ. ಲ್ಯಾಪ್‌ಟಾಪಿನಲ್ಲಿ ಶೀಟೇ ಮಾಡಿ ತೋರಿಸಿದ. ತಮ್ಮ, ಅವನ ಹೆಂಡತಿ, ಇಬ್ಬರು ಮಕ್ಕಳು, ಅಮ್ಮ: ಐದು ಜನ. ಎದುರಿಗೆ ಅಕ್ಕ: ಒಬ್ಬಳು. ಮತ್ತೆ ಅದೇ ಟ್ರಾಲಿ! ಅಕ್ಕನ ಗಂಡ, ಇಬ್ಬರು ಹೆಣ್ಣುಮಕ್ಕಳು ಶೀಟಿನಲ್ಲೇ ಇರಲಿಲ್ಲ. ಬೆಂಥಮನ ಲೆಕ್ಕದ ಜೀವವೇ ಪ್ರತಿಯೊಬ್ಬರನ್ನೂ ಒಬ್ಬರು ಅಂತ ಎಣಿಸೋದು, ಯಾರನ್ನೂ ಒಂದಕ್ಕಿಂತ ಕಮ್ಮಿ ಎಣಿಸದಿರೋದು. ಹದಿನೆಂಟನೇ ಶತಮಾನದಲ್ಲಿ ದೊರೆಯ ಸುಖವನ್ನೂ ಕೂಲಿಯವನ ಸುಖವನ್ನೂ ಒಂದೇ ತಕ್ಕಡಿಗೆ ಹಾಕಿದ್ದು ಸಣ್ಣ ಮಾತಲ್ಲ. ನಾವು ಆ ತಕ್ಕಡಿ ತಂದು, ಮದುವೆ ಆಗಿ ಹೋದವಳ ಮಕ್ಕಳನ್ನ ಅದರಿಂದ ಇಳಿಸಿ, ಉಳಿದವರನ್ನ ತೂಗಿ 'ನೋಡು, ಗಣಿತ' ಅಂತೀವಿ.

ಶೀಟಿನಲ್ಲಿ ಇಲ್ಲದ ಇನ್ನೊಬ್ಬರು ಯಾರು ಗೊತ್ತಾ? ನಾನು. ಬೆಂಗಳೂರಿನಲ್ಲಿ ಸಂಬಳ ಎಣಿಸೋ, ಹದಿನೈದು ವರ್ಷದಲ್ಲಿ ತೋಟಕ್ಕೆ ಒಂದು ಮಂಕರಿ ಗೊಬ್ಬರ ಹಾಕದ ನನ್ನ ಪಾಲು ಹಾಗೇ ಕೂತಿತ್ತು. ತೋಟ ಒಡೆಯಬಾರದು ಅನ್ನೋದೇ ನಿಜವಾದ ಕಾಳಜಿ ಆಗಿದ್ರೆ ಮೊದಲು ಬಿಡಬೇಕಾದವನು ನಾನಲ್ವಾ? ದೊಡ್ಡಪ್ಪ ಕೇಳಲಿಲ್ಲ. ಅಮ್ಮ ಕೇಳಲಿಲ್ಲ. ತಮ್ಮನೂ ಕೇಳಲಿಲ್ಲ. ಗೆಳೆಯನ ಯುಟಿಲಿಟೇರಿಯನಿಸಮ್ಮಿಗೂ ನೆನಪಾಗಲಿಲ್ಲ. ಒಟ್ಟು ಸುಖಕ್ಕೋಸ್ಕರ ತ್ಯಾಗ ಮಾಡೋರ ಪಟ್ಟಿಯಲ್ಲಿ ಒಂದೇ ಹೆಸರು, ಅದೂ ಮಾತುಕತೆಗೆ ಕರೆಯದೇ ಇದ್ದವಳದ್ದು.

ಇನ್ನು ಕಾಂಟ್. 1785ರಲ್ಲಿ ಬಂದ ಅವನ ಪುಸ್ತಕದ ವಾದವನ್ನ ಒಂದೇ ಸಾಲಿಗೆ ಇಳಿಸಿದ್ರೆ: ನೀನು ಯಾವ ನಿಯಮದ ಪ್ರಕಾರ ನಡೀತೀಯೋ ಅದನ್ನ ಎಲ್ಲರಿಗೂ ನಿಯಮ ಮಾಡೋಕೆ ನಿನ್ನ ಮನಸ್ಸು ಒಪ್ಪಬೇಕು. ನಮ್ಮ ಕಡೆಯ ಗಂಡಸರನ್ನ ಈ ಪರೀಕ್ಷೆಗೆ ಕೂರಿಸಿ ನೋಡಿ, ಮಜಾ ಇರುತ್ತೆ. "ಮದುವೆ ಆದ ಹೆಣ್ಣುಮಗಳು ತವರಿನ ಆಸ್ತಿ ಕೇಳಬಾರದು" ಅನ್ನೋದು ಅಕ್ಕನ ವಿಷಯದಲ್ಲಿ ಸಂಸ್ಕೃತಿ. ಅದೇ ಗಂಡಸಿನ ಹೆಂಡತಿಯ ತವರಿನಲ್ಲಿ, ಬೆಂಗಳೂರಿನ ಯಾವುದೋ ಲೇಔಟಿನಲ್ಲಿ, ಮೂವತ್ತು-ನಲವತ್ತರ ಒಂದು ಸೈಟಿದೆ ಅಂತಿಟ್ಕೊಳ್ಳಿ. ಆಗ 2005ರ ತಿದ್ದುಪಡಿ ಅವನಿಗೆ ಬಾಯಿಪಾಠ. ಕಾಂಟ್ ಇದನ್ನ ನೋಡಿದ್ದಿದ್ರೆ ಇಷ್ಟು ದಪ್ಪ ಪುಸ್ತಕಗಳನ್ನ ಬರೀಬೇಕಿರಲಿಲ್ಲ. ನಮ್ಮ ಭಾವ-ಮೈದುನರ ಒಂದು ಪಂಚಾಯ್ತಿ ಸಾಕಿತ್ತು.

ಇದಕ್ಕೆಲ್ಲ ಸಿಗೋ ಉತ್ತರ ನನಗೆ ಗೊತ್ತು: "ಅಕ್ಕನೇ ಒಪ್ಕೊಂಡಿದ್ದಾಳಲ್ಲ, ನಿಂದೇನು ತಕರಾರು?" ಹೌದು, ಒಪ್ಕೊಂಡಿದ್ದಾಳೆ. ಫೋನಿನಲ್ಲಿ ಕೇಳಿದಾಗ "ಎಲ್ಲಿ ಸೈನ್ ಹಾಕ್ಬೇಕು ಹೇಳೋ, ಬಸ್ಸಿಗೆ ಬಂದು ಹಾಕಿ ಹೋಗ್ತೀನಿ" ಅಂದ್ಲು. ನಿಜವಾದ ಇಕ್ಕಟ್ಟು ಇದೇ. ಉಳಿದ ವಾದಗಳಿಗೆ ಉತ್ತರ ಕೊಡೋದು ಸುಲಭ, ಇದಕ್ಕಲ್ಲ. ಒಪ್ಪಿದವಳಿಗೆ 'ನೀನು ಒಪ್ಪಬೇಡ' ಅನ್ನೋಕೆ ನಾನ್ಯಾರು? ಅವಳಿಗೆ ಬುದ್ಧಿ ಇಲ್ವಾ? ಪ್ರೀತಿಯಿಂದ ಕೊಡ್ತಿರಬಹುದಲ್ವಾ?

ಕೊಡ್ತಿರಬಹುದು. ಆದ್ರೆ ಒಪ್ಪಿಗೆ ಅನ್ನೋ ಪದಕ್ಕೆ ಬೆಲೆ ಬರಬೇಕಾದ್ರೆ 'ಇಲ್ಲ' ಅನ್ನೋದೂ ಅಷ್ಟೇ ಸಲೀಸಾಗಿರಬೇಕು. ಅಕ್ಕ 'ಇಲ್ಲ' ಅಂದ್ರೆ ಏನಾಗುತ್ತೆ? ಮುಂದಿನ ಗೌರಿ ಹಬ್ಬಕ್ಕೆ ಬಾಗಿನ ಹೋಗುತ್ತಾ? ಅವಳ ಮಗಳ ಮದುವೆಗೆ ಸೋದರಮಾವಂದಿರು ನಿಂತ್ಕೊಳ್ತಾರಾ? ಗಂಡನ ಮನೇಲಿ ಜಗಳ ಆದ ದಿನ ಬ್ಯಾಗ್ ಹಿಡ್ಕೊಂಡು ಬಂದು ಇಳಿಯೋಕೆ ಒಂದು ಬಾಗಿಲು ಇರುತ್ತಾ? ಪಾಲು ಕೇಳಿದ ಹೆಣ್ಣುಮಕ್ಕಳ ಕಥೆ ನಮ್ಮೂರಲ್ಲಿ ಎಲ್ಲರಿಗೂ ಗೊತ್ತು, ಅಕ್ಕನಿಗೂ ಗೊತ್ತು. "ಕೋರ್ಟಿಗೆ ಹೋದೋಳು" ಅಂತಲೇ ಅವರ ಹೆಸರು. ಒಂದು ಕಡೆ ಒಂದು ಎಕರೆ ಚಿಲ್ಲರೆ, ಇನ್ನೊಂದು ಕಡೆ ತವರು. ಎರಡರಲ್ಲಿ ಒಂದನ್ನೇ ಆರಿಸ್ಕೋ ಅಂತ ಅವಳ ಮುಂದಿಟ್ಟು, ಅವಳು ತವರನ್ನ ಆರಿಸಿಕೊಂಡಿದ್ದಕ್ಕೆ 'ಒಪ್ಪಿಗೆ' ಅಂತ ಹೆಸರಿಡ್ತೀವಿ. ನಮಗೆ ಆ ಎರಡರಲ್ಲಿ ಆರಿಸ್ಕೊಳ್ಳೋ ಪ್ರಸಂಗವೇ ಬರಲ್ಲ. ನಮಗೆ ಜಮೀನೂ ಇರುತ್ತೆ, ಅಮ್ಮನ ಮನೆಯೂ ಇರುತ್ತೆ.

ಸಂಬಂಧ ದೊಡ್ಡದು, ಜಮೀನಲ್ಲ ಅಂತ ಇನ್ನೊಬ್ಬರು ನನಗೆ ಕೇರ್ ಎಥಿಕ್ಸ್ ಹೇಳಿದರು. 1982ರಲ್ಲಿ ಕ್ಯಾರೊಲ್ ಗಿಲಿಗನ್ ಬರೆದ ಪುಸ್ತಕದಿಂದ ಬೆಳೆದ ಚಿಂತನೆ ಅದು. ನ್ಯಾಯ ಅಂದ್ರೆ ಬರೀ ನಿಯಮ ಅಲ್ಲ, ಸಂಬಂಧದ ಹೊಣೆಯೂ ನೈತಿಕತೆಯೇ ಅನ್ನೋ ವಾದ. ಒಳ್ಳೇದು. ಆದ್ರೆ ಹೇಳಿದವರು ಅರ್ಧಕ್ಕೇ ಪುಸ್ತಕ ಮುಚ್ಚಿದ್ರು ಅನ್ಸುತ್ತೆ. ಬೇರೆಯವರಿಗಾಗಿ ತನ್ನನ್ನ ತಾನು ಅಳಿಸಿಕೊಳ್ಳೋದನ್ನ ಗಿಲಿಗನ್ ಪಕ್ವ ಕಾಳಜಿ ಅನ್ನಲ್ಲ. ಅದು ನಡುದಾರಿಯ ಹಂತ; ಅಲ್ಲಿಂದ ಮುಂದೆ ಹೋದವಳು ಕಾಳಜಿಗೆ ಅರ್ಹರಾದವರಲ್ಲಿ ತನ್ನನ್ನೂ ಸೇರಿಸ್ಕೊಳ್ತಾಳೆ ಅನ್ನೋದು ಅವರ ಮಾತಿನ ತಿರುಳು. ಅಷ್ಟಕ್ಕೂ ಸಂಬಂಧ ಉಳಿಸೋ ಖರ್ಚು ಯಾವಾಗಲೂ ಒಂದೇ ಕಡೆಯಿಂದ ಯಾಕೆ ಬರಬೇಕು?

ಗಮನಿಸಿ, ಇಲ್ಲಿ ಯಾವ ಥಿಯರಿಯೂ ಕೆಟ್ಟದ್ದಲ್ಲ. ನಾವು ಅದನ್ನ ಬಳಸೋ ರೀತಿ ಕೆಟ್ಟದ್ದು. ಟೆಸ್ಟ್ ಫೇಲ್ ಆದ್ರೆ ಕೋಡ್ ತಿದ್ದಬೇಕು. ನಾವು ಟೆಸ್ಟನ್ನೇ ತಿದ್ದಿ ಹಸಿರು ಟಿಕ್ ಬರಿಸೋ ಜನ. ಬೆಂಥಮ್ ಬೇಡವಾದ ಉತ್ತರ ಕೊಟ್ಟರೆ ಗಿಲಿಗನ್, ಗಿಲಿಗನ್ ತಿರುಗಿಬಿದ್ರೆ 'ನಮ್ಮ ಸಂಪ್ರದಾಯ'. ಉತ್ತರ ಮಾತ್ರ ಮೊದಲೇ ಸ್ಟಾಂಪ್ ಪೇಪರಿನ ಮೇಲೆ ಟೈಪ್ ಆಗಿರುತ್ತೆ.

ತಮ್ಮನ ಪರವಾಗಿ ಇರೋದರಲ್ಲಿ ಗಟ್ಟಿಯಾದ ಮಾತು ಇವ್ಯಾವುದೂ ಅಲ್ಲ. ಅದು ನಮ್ಮದೇ ನೆಲದ್ದು: ಉಳುವವನೇ ಹೊಲದೊಡೆಯ. 1974ರಲ್ಲಿ ದೇವರಾಜ ಅರಸರ ಕಾಲದ ತಿದ್ದುಪಡಿ ಬಂದಿರದಿದ್ರೆ ನಮ್ಮ ತಾತ ಗೇಣಿದಾರನಾಗೇ ಸಾಯ್ತಿದ್ರು. ಈ ಘೋಷಣೆ ನನ್ನ ಮೈಯಲ್ಲಿದೆ, ಅದನ್ನ ಹಗುರವಾಗಿ ತಗೊಳ್ಳೋಕಾಗಲ್ಲ. ದುಡಿದವನಿಗೆ ಸೇರಬೇಕು. ಸರಿ. ಹಾಗಾದ್ರೆ ದುಡಿದ ಲೆಕ್ಕವನ್ನ ಪೂರ್ತಿ ಬರೆಯೋಣ. ಅಕ್ಕ ಹತ್ತನೇ ವಯಸ್ಸಿನಿಂದ ಮದುವೆ ಆಗೋವರೆಗೂ ರಾಗಿ ಕಳೆ ಕಿತ್ತಿದ್ದಾಳೆ, ತೆಂಗಿನ ಬುಡಕ್ಕೆ ಕೊಡದಲ್ಲಿ ನೀರು ಹೊತ್ತಿದ್ದಾಳೆ, ದನ ಕಟ್ಟಿದ್ದಾಳೆ, ನಮ್ಮಿಬ್ಬರಿಗೆ ಬುತ್ತಿ ಕಟ್ಟಿದ್ದಾಳೆ. ನಾನು ತುಮಕೂರಲ್ಲಿ ಹಾಸ್ಟೆಲ್ ಸೇರಿ ಬಿಇ ಓದಿದ್ದು ಆ ತೋಟದ ಕೊಬ್ಬರಿ ದುಡ್ಡಲ್ಲಿ. ಅವಳ ಓದು ಎಸ್ಸೆಸ್ಸೆಲ್ಸಿಗೆ ನಿಂತಿದ್ದೂ ಅದೇ ದುಡ್ಡು ಸಾಲದೆ. "ಮದುವೆಗೆ ಖರ್ಚು ಮಾಡಿದೀವಲ್ಲ" ಅನ್ನೋರು ನನ್ನ ಫೀಸಿನ ರಸೀತಿಗಳನ್ನೂ ಪಕ್ಕದಲ್ಲಿಡಬೇಕು. ತಮ್ಮನ ಹದಿನೈದು ವರ್ಷ ಲೆಕ್ಕಕ್ಕೆ ಬರಲೇಬೇಕು, ಬೋರಿನ ಸಾಲವೂ ಬರಬೇಕು. ಆದ್ರೆ ಆ ಬಾಕಿಯನ್ನ ಅಕ್ಕನೊಬ್ಬಳ ಪಾಲಿನಿಂದ, ಅದೂ ಸದ್ದಿಲ್ಲದೆ ವಸೂಲಿ ಮಾಡೋದು ಯಾವ ನ್ಯಾಯ?

ರಾಲ್ಸ್ 1971ರಲ್ಲಿ ಹೇಳಿದ ಪರದೆ ನಮ್ಮ ಮನೆಗಳಿಗೇ ಹೊಲಿಸಿದ ಹಾಗಿದೆ: ನೀನು ಯಾರಾಗಿ ಹುಟ್ತೀಯ ಅಂತ ಗೊತ್ತಿಲ್ಲದೆ ನಿಯಮ ಮಾಡು. ಅಕ್ಕನಾಗಿಯೋ, ತೋಟ ನೋಡೋ ತಮ್ಮನಾಗಿಯೋ, ಬೆಂಗಳೂರು ಸೇರೋ ಮಗನಾಗಿಯೋ ಗೊತ್ತಿಲ್ಲ. ಆಗ ಈ ರಿಲೀಸ್ ಡೀಡಿಗೆ ಯಾರಾದ್ರೂ ಕೈ ಎತ್ತುತ್ತಾರಾ? ಎತ್ತೋರಿದ್ರೆ ಅವರ ಹೆಸರನ್ನ ಪಹಣಿಯಿಂದ ತೆಗೆಸಿ ನೋಡಿ.

ಹೋದ ತಿಂಗಳು ಊರಿಗೆ ಹೋದಾಗ ಹೇಳಿ ಬಂದೆ: ಅಕ್ಕ ಎಲ್ಲೂ ಸೈನ್ ಹಾಕೋದು ಬೇಡ, ಖಾತೆ ಜಂಟಿಯಾಗೇ ಆಗಲಿ. ತೋಟ ಒಟ್ಟಿಗೇ ಇರಬೇಕು ಅಂದ್ರೆ ತಮ್ಮನ ಹೆಸರಿಗೆ ನನ್ನ ಪಾಲು ಬಿಡ್ತೀನಿ, ಸಬ್ ರಿಜಿಸ್ಟ್ರಾರ್ ಆಫೀಸಿಗೆ ನಾನೇ ಬರ್ತೀನಿ. ಫಸಲಿನಲ್ಲಿ ಅಕ್ಕನ ಪಾಲು ಪ್ರತಿ ವರ್ಷ ಅವಳ ಅಕೌಂಟಿಗೆ ಹೋಗಲಿ. ಆಮೇಲೆ ಅವಳಿಗೆ ತಮ್ಮನಿಗೆ ಕೊಡಬೇಕು ಅನ್ಸಿದ್ರೆ ಅದು ಅವಳಿಷ್ಟ, ಕೈಯಲ್ಲಿ ಇದ್ದಿದ್ದನ್ನ ಕೊಟ್ಟ ಹಾಗಾಗುತ್ತೆ. ದೊಡ್ಡಪ್ಪ ಎದ್ದು ಹೋದರು. ಅಮ್ಮ ಏನೂ ಮಾತಾಡಲಿಲ್ಲ. ತಮ್ಮ ಮಾತ್ರ ಲೆಕ್ಕದ ಪುಸ್ತಕ ತಂದು, "ಬೋರ್ ಸಾಲದ ಬಡ್ಡೀಲಿ ಅಕ್ಕಂದೆಷ್ಟು, ನಂದೆಷ್ಟು, ಅದನ್ನೂ ಈಗ್ಲೇ ಹೇಳ್ಬಿಡಣ್ಣ" ಅಂದ. ನ್ಯಾಯವಾದ ಪ್ರಶ್ನೆ. ಈ ಸಲ ಅಕ್ಕನನ್ನೂ ಕೂರಿಸ್ಕೊಂಡು ಲೆಕ್ಕ ಹಾಕ್ಬೇಕು, ಬರೋ ಭಾನುವಾರ ಬಾ ಅಂತ ಹೇಳಿದೀನಿ.